ಗುಟ್ಟಿನ ಮದುವೆ



ಈ ತಿಂಗಳು ನಿಮ್ಮ ಮುಂದೆ ಒಂದು ಸಣ್ಣ ಪ್ರಶ್ನೆ ಇಡುತ್ತೇವೆ. ಮದುವೆಯಾದ ಮೇಲೆ ನೀವು ಗಂಡಹೆಂಡಿರು ಇಬ್ಬರೇ ಊರು ಬಿಟ್ಟು ಹೋದದ್ದು ಯಾವಾಗ? ಯಾರದೋ ಲಗ್ನಕ್ಕೆ ಹೋದದ್ದು ಲೆಕ್ಕಕ್ಕಿಲ್ಲ. ಆಸ್ಪತ್ರೆಗೆ ಹೋದದ್ದು, ಮಣ್ಣಿಗೆ ಹೋದದ್ದು, ಮಕ್ಕಳ ಶಾಲೆಯ ಫೀ ಕಟ್ಟಲು ಹೋದದ್ದೂ ಲೆಕ್ಕಕ್ಕಿಲ್ಲ. ಒಬ್ಬರ ಜೊತೆ ಒಬ್ಬರು ಸುಮ್ಮನೆ ಇರಬೇಕೆಂದು ಹೋದದ್ದು ಯಾವಾಗ? ಬಹಳ ಮನೆಗಳಲ್ಲಿ ಈ ಪ್ರಶ್ನೆಗೆ ಮೊದಲು ನಗು ಬರುತ್ತದೆ, ಆಮೇಲೆ ಮೌನ. ಆ ಮೌನದ ಬಗ್ಗೆಯೇ ಈ ಸಲ ನಮ್ಮ ಮಾತು.

ಸೋಲಾಪುರ ಸೀಮೆಯ ಕಂದಲಗಾಂವದ ಒಬ್ಬ ದಂಪತಿ ನಮಗೆ ಪರಿಚಿತರು. ಹೆಸರು ಬೇಡ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಎನ್ನುವ ಆ ಕಡೆಯ ಸಾಮಾನ್ಯ ರೈತ ಕುಟುಂಬ. ಜೋಳ, ತೊಗರಿ, ಸ್ವಲ್ಪ ಕಬ್ಬು. ಇಪ್ಪತ್ತೈದು ವರ್ಷ ದುಡಿದರು, ಸಾಲ ತೀರಿಸಿದರು. ಮಗಳ ಮದುವೆ ಮಾಡಿದರು. ಮಗನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು. ಮಗನನ್ನು ಗಾಡಿ ಹತ್ತಿಸಿ ಮನೆಗೆ ಬಂದ ರಾತ್ರಿ ಇಬ್ಬರೂ ಊಟಕ್ಕೆ ಕುಳಿತರು. ಆ ತಾಯಿ ನಮಗೆ ಹೇಳಿದ ಮಾತು ಇದು: “ಮನ್ಯಾಗ ನಾವಿಬ್ಬರs ಅದೀವ್ರಿ. ಆದ್ರ ಮಾತಾಡ್ಲಿಕ್ಕೆ ಏನೂ ಉಳದಿಲ್ರಿ. ಮೋಟಾರ್ ಚಾಲೂ ಮಾಡಿದ್ರ್ಯಾ ಅಂದೆ. ಹ್ಞೂಂ ಅಂದ್ರು. ಅಷ್ಟರಾಗ ಮಾತು ಮುಗೀತು.”

ಇದರಲ್ಲಿ ಜಗಳವಿಲ್ಲ, ಕುಡಿತವಿಲ್ಲ, ಬೇರೆ ಹೆಣ್ಣು ಗಂಡಿನ ಮಾತಿಲ್ಲ. ನೋಡುವವರಿಗೆ ಅದು ಒಳ್ಳೆಯ ಸಂಸಾರ. ಆದರೆ ಅವರ ಇಪ್ಪತ್ತೈದು ವರ್ಷದ ಮಾತೆಲ್ಲ ಮಕ್ಕಳ ಬಗ್ಗೆ, ಹೊಲದ ಬಗ್ಗೆ, ಸಾಲದ ಬಗ್ಗೆ ನಡೆದಿತ್ತು. ಮಕ್ಕಳು ಹೋದರು, ಸಾಲ ತೀರಿತು, ಮಾತೂ ಮುಗಿಯಿತು. ಬಾವಿಯಲ್ಲಿ ನೀರಿದೆ, ಸೇದುವ ಹಗ್ಗ ಮಾತ್ರ ಸವೆದುಹೋಗಿದೆ.

“ಇಬ್ಬರೇ ಎರಡು ದಿನ ಎಲ್ಲಿಗಾದರೂ ಹೋಗಿ ಬನ್ನಿ” ಎಂದೆವು. ಯಜಮಾನರು ನಕ್ಕರು. “ಈ ವಯಸ್ಸಿನ್ಯಾಗ? ಮಂದಿ ಏನಂತಾರ್ರಿ?” ಎಂದರು. ಆ ತಾಯಿ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಮ್ಮೆ ಸಂಗೀತ ನಾಟಕ ನೋಡಬೇಕಂತ ಭಾಳ ದಿನದ ಆಸೆ ಐತ್ರಿ. ನಮ್ಮಪ್ಪ ಸಣ್ಣಾಕಿ ಇದ್ದಾಗ ಕರ್ಕೊಂಡು ಹೋಗಿದ್ದ. ಲಗ್ನ ಆದ ಮ್ಯಾಲ ಇಲ್ಲ” ಎಂದರು. ಗಂಡ ತಲೆ ಎತ್ತಿ ಹೆಂಡತಿಯ ಮುಖ ನೋಡಿದರು. ಇಪ್ಪತ್ತೈದು ವರ್ಷದಲ್ಲಿ ಆ ಆಸೆ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಇಲ್ಲಿ ಸ್ವಲ್ಪ ಹಾಡಿನ ನಾಟಕದ ಕಡೆಗೆ ಹೋಗೋಣ. ವಿಷಯ ಬಿಟ್ಟು ಹೋಗುತ್ತಿದ್ದೇವೆಂದು ತಿಳಿಯಬೇಡಿ, ಮದುವೆಗೇ ತಿರುಗಿ ಬರುತ್ತೇವೆ.

ಆಡುವ ಮಾತನ್ನೂ ಹಾಡಿಯೇ ಹೇಳುವ ನಾಟಕಕ್ಕೆ ಯುರೋಪಿನವರು ಒಪೆರಾ ಎನ್ನುತ್ತಾರೆ. ಅದು ಹುಟ್ಟಿದ್ದು ಇಟಲಿಯಲ್ಲಿ, ಸುಮಾರು 1600ರ ಹೊತ್ತಿಗೆ. ಇಂದಿಗೆ ಪೂರ್ತಿ ಸಂಗೀತ ಉಳಿದು ಬಂದಿರುವ ಅತ್ಯಂತ ಹಳೆಯ ಒಪೆರಾ ‘ಯೂರಿಡಿಚೆ’. ಅದನ್ನು ಆಡಿದ್ದು 1600ರ ಅಕ್ಟೋಬರ್‌ನಲ್ಲಿ, ಫ್ಲಾರೆನ್ಸ್ ನಗರದಲ್ಲಿ, ಒಂದು ಮದುವೆಯ ಸಂಭ್ರಮದಲ್ಲಿ. ಮರಿಯ ದೆ ಮೆದಿಚಿಗೂ ಫ್ರಾನ್ಸಿನ ರಾಜ ನಾಲ್ಕನೆಯ ಹೆನ್ರಿಗೂ ಮದುವೆ. ಕಥೆಯೂ ದಾಂಪತ್ಯದ್ದೇ: ಸತ್ತ ಹೆಂಡತಿಯನ್ನು ಹಾಡಿನ ಬಲದಿಂದ ಪಾತಾಳದಿಂದ ಕರೆತರುವ ಗಂಡನ ಕಥೆ. ಒಂದು ತಮಾಷೆ ಕೇಳಿ. ಫ್ಲಾರೆನ್ಸಿನ ಆ ಮದುವೆಗೆ ವರನೇ ಬಂದಿರಲಿಲ್ಲ! ಆತನ ಪರವಾಗಿ ಬೇರೊಬ್ಬರು ನಿಂತು ಮದುವೆ ನಡೆಯಿತು. ನಮ್ಮಲ್ಲೂ ಎಷ್ಟೋ ಗಂಡಂದಿರು ಮನೆಯಲ್ಲಿದ್ದೂ ಇಲ್ಲದಂತೆ ಇರುತ್ತಾರೆ, ಅವರ ಪರವಾಗಿ ಮೊಬೈಲ್ ಅಥವಾ ಟಿ.ವಿ. ಕುಳಿತಿರುತ್ತದೆ. ಆದ್ದರಿಂದ ರಾಜನೊಬ್ಬನನ್ನೇ ಬೈಯುವಂತಿಲ್ಲ.

ಅದೇ 1600ರ ಫೆಬ್ರವರಿಯಲ್ಲಿ ರೋಮಿನಲ್ಲಿ, ಸಂತ ಫಿಲಿಪ್ ನೇರಿಯವರ ಪ್ರಾರ್ಥನಾ ಮಂದಿರದಲ್ಲಿ, ಆತ್ಮ ಮತ್ತು ದೇಹ ಸಂವಾದ ಮಾಡುವ ಒಂದು ಹಾಡಿನ ನಾಟಕ ನಡೆದಿತ್ತು. ಅದರ ಸಂಗೀತ ಎಮಿಲಿಯೊ ದೆ ಕವಲಿಯೇರಿ ಅವರದು. ಸಂತ ಫಿಲಿಪ್ ನೇರಿ ತೀರಿಕೊಂಡು ಆಗ ಐದು ವರ್ಷ. ಜನರನ್ನು ಹಾಡಿನಿಂದ ದೇವರ ಕಡೆಗೆ ತರಬಹುದೆಂದು ನಂಬಿದ್ದ ನಗೆಮುಖದ ಸಂತರು ಅವರು. ಹೀಗೆ ಹಾಡಿನ ನಾಟಕದ ತೊಟ್ಟಿಲು ಒಂದು ಕಡೆ ಮದುವೆ ಮನೆಯಲ್ಲಿ, ಇನ್ನೊಂದು ಕಡೆ ಪ್ರಾರ್ಥನಾ ಮಂದಿರದಲ್ಲಿ ತೂಗಿತು.

ಅದೆಲ್ಲ ದೊರೆಗಳ ಮಾತು, ನಮಗೇನು ಎನ್ನಬೇಡಿ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ಏನು? ಕುಲಗೋಡ ತಮ್ಮಣ್ಣನವರ ಹೆಸರಿನೊಡನೆ ಬೆಳೆದ ಆ ಬಯಲಾಟ ರಾತ್ರಿಯಿಡೀ ನಡೆಯುವ ಹಾಡಿನ ನಾಟಕವೇ. ಅದರ ವಸ್ತುವೂ ಸಂಸಾರದ್ದು, ಒಂದು ಹೂವಿನಿಂದ ಗಂಡಹೆಂಡಿರ ನಡುವೆ ಎದ್ದ ಮುನಿಸು. ಮರಾಠಿ ನಾಟಕದ ಬೇರಿನಲ್ಲೂ ಕನ್ನಡದ ನೀರಿದೆ. ಕರ್ನಾಟಕದಿಂದ ಬಂದ ಭಾಗವತರ ಮೇಳದ ಆಟ ನೋಡಿದ ಸಾಂಗಲಿಯ ಅರಸರು, ಇಂಥದ್ದು ಮರಾಠಿಯಲ್ಲೂ ಆಗಲಿ ಎಂದರು. 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದರು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿದರು. ಮುಂದೆ ಅವರ ಕಂಪನಿಯಿಂದಲೇ ಬಾಲಗಂಧರ್ವರು ಬೆಳಗಿದರು. ಸೋಲಾಪುರ ಅಕ್ಕಲಕೋಟೆಯ ಹಿರಿಯರಲ್ಲಿ ಆ ಹಾಡುಗಳನ್ನು ಇಂದಿಗೂ ಗುನುಗುವವರಿದ್ದಾರೆ.

ಒಪೆರಾ ಹೆಸರು ಹೊತ್ತ ಮಂದಿರವೂ ನಮಗೆ ದೂರದ್ದಲ್ಲ. ಮುಂಬೈಯ ಚರ್ನಿ ರೋಡಿನ ಹತ್ತಿರದ ರಾಯಲ್ ಒಪೆರಾ ಹೌಸ್‌ನ ಕೆಲಸ 1909ರಲ್ಲಿ ಶುರುವಾಯಿತು. 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದಾಗ ಕಟ್ಟಡದ ಕೆಲಸ ಇನ್ನೂ ನಡೆದಿತ್ತು. ಮೊದಲು ಅಲ್ಲಿ ವಿಲಾಯತಿ ಆಟಗಳು ನಡೆದವು. ಆಮೇಲೆ ಬಾಲಗಂಧರ್ವ, ದೀನಾನಾಥ ಮಂಗೇಶ್ಕರ್, ಪೃಥ್ವಿರಾಜ್ ಕಪೂರ್ ಅವರಂಥವರು ಅದೇ ರಂಗ ಹತ್ತಿದರು. ಮುಂದೆ ಅದು ಸಿನೆಮಾ ಥಿಯೇಟರಾಯಿತು. 1993ರಲ್ಲಿ ಬಾಗಿಲು ಮುಚ್ಚಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಧೂಳು ತಿಂದಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಂಬಾ ಅವರ ನೇತೃತ್ವದಲ್ಲಿ ಜೀರ್ಣೋದ್ಧಾರವಾಗಿ 2016ರ ಅಕ್ಟೋಬರ್‌ನಲ್ಲಿ ಮತ್ತೆ ದೀಪ ಹತ್ತಿತು. ಆ ದಿನ ಹಾಡಿದವರು ಮುಂಬೈಯಲ್ಲೇ ಹುಟ್ಟಿದ ಗಾಯಕಿ ಪಟ್ರೀಷಿಯಾ ರೊಜಾರಿಯೊ. ಈಗ ಅಲ್ಲಿ ನಾಟಕ, ಸಂಗೀತ, ನೃತ್ಯ ಎಲ್ಲವೂ ನಡೆಯುತ್ತವೆ.

ಮತ್ತೆ ತೆರೆದ ಮೇಲೆ, 2017ರಲ್ಲಿ, ಅಲ್ಲಿ ಆಡಿದ ಒಪೆರಾದ ಹೆಸರು ‘ಇಲ್ ಮಾತ್ರಿಮೋನಿಯೊ ಸೆಗ್ರೆತೊ’. ಅಂದರೆ ‘ಗುಟ್ಟಿನ ಮದುವೆ’. ಬರೆದವರು ಇಟಲಿಯ ಚಿಮರೋಸಾ. 1792ರಲ್ಲಿ ವಿಯೆನ್ನಾದಲ್ಲಿ ಮೊದಲ ಆಟವಾದಾಗ ಚಕ್ರವರ್ತಿ ಲಿಯೊಪೋಲ್ಡ್‌ಗೆ ಎಷ್ಟು ಹಿಡಿಸಿತೆಂದರೆ, ಕಲಾವಿದರಿಗೆಲ್ಲ ಊಟ ಹಾಕಿಸಿ ಅದೇ ರಾತ್ರಿ ಇನ್ನೊಮ್ಮೆ ಆಡಿಸಿದನಂತೆ. ಕಥೆ ಸರಳ. ಒಬ್ಬ ಸಿರಿವಂತ ವ್ಯಾಪಾರಿ. ಅವನ ಕಿರಿಯ ಮಗಳು ಅಪ್ಪನ ಗುಮಾಸ್ತನನ್ನು ಗುಟ್ಟಾಗಿ ಮದುವೆಯಾಗಿದ್ದಾಳೆ. ಅಪ್ಪನಿಗೆ ಮಾತ್ರ ದೊಡ್ಡ ಮನೆತನದ ಅಳಿಯ ಬೇಕು. ಹಿರಿಯ ಮಗಳಿಗೆಂದು ಕರೆಸಿದ ಶ್ರೀಮಂತನ ಕಣ್ಣು ಕಿರಿಯಳ ಮೇಲೆ ಬೀಳುತ್ತದೆ. ಅತ್ತ ಮನೆಯಲ್ಲಿರುವ ಸೋದರತ್ತೆ ಆ ಗುಮಾಸ್ತನನ್ನೇ ಮೆಚ್ಚಿ ಕುಳಿತಿದ್ದಾಳೆ. ಗೊಂದಲವೋ ಗೊಂದಲ. ಕೊನೆಗೆ ಗುಟ್ಟು ಹೊರಬಿದ್ದು, ಅಪ್ಪ ಕೋಪ ಮಾಡಿ, ಆಮೇಲೆ ಕ್ಷಮಿಸುತ್ತಾನೆ. ನಮ್ಮ ಶಕುಂತಲೆಯದೂ ಗುಟ್ಟಿನ ಮದುವೆಯೇ ಅಲ್ಲವೇ? ಸಾಕ್ಷಿಗಳಿರಲಿಲ್ಲ, ಉಂಗುರವೊಂದೇ ಇತ್ತು, ಅದೂ ಕಳೆಯಿತು. ಗಂಡನಿಗೆ ಮರೆತೇಹೋಯಿತು.

ಇಂಥ ಕಥೆಗಳಿಗೆ ನಗುವುದು ಸುಲಭ, ಬದುಕಿನಲ್ಲಿ ಅವು ಕಣ್ಣೀರು ತರಿಸುತ್ತಿದ್ದವು. ಹಿಂದೆ ಗಂಡುಹೆಣ್ಣು ಇಬ್ಬರೇ ಯಾರಿಗೂ ತಿಳಿಯದಂತೆ ಒಪ್ಪಿಗೆ ಕೊಟ್ಟುಕೊಂಡರೂ ಮದುವೆ ಆದಂತೆಯೇ ಆಗುತ್ತಿತ್ತು. ನಾಳೆ ಗಂಡಸು ‘ನಾನು ಮಾತು ಕೊಟ್ಟೇ ಇಲ್ಲ’ ಎಂದು ಇನ್ನೊಬ್ಬಳ ಕೈ ಹಿಡಿದರೆ, ಮೊದಲಿನವಳಿಗೆ ಸಾಕ್ಷಿ ಹೇಳುವವರು ಯಾರು? ಈ ಅನ್ಯಾಯ ತಡೆಯಲೆಂದೇ ಟ್ರೆಂಟ್ ಮಹಾಸಭೆ 1563ರಲ್ಲಿ ಕಟ್ಟಳೆ ಮಾಡಿತು. ಮದುವೆಯನ್ನು ಮೊದಲೇ ದೇವಾಲಯದಲ್ಲಿ ಮೂರು ಸಲ ಪ್ರಕಟಿಸಬೇಕು, ಧರ್ಮಕೇಂದ್ರದ ಗುರುಗಳ ಮುಂದೆ ಸಾಕ್ಷಿಗಳೊಂದಿಗೆ ನಡೆಯಬೇಕು, ಪುಸ್ತಕದಲ್ಲಿ ಬರೆಯಬೇಕು. ನಾವು ಇಂದು ಸಹಿ ಮಾಡುವ ಮದುವೆ ದಾಖಲೆ ಪುಸ್ತಕದ ಹಿಂದೆ ಇಷ್ಟು ದೊಡ್ಡ ಕಾಳಜಿಯಿದೆ. ಪ್ರೀತಿ ಬೆಳಕಿನಲ್ಲಿರಲಿ, ಅದನ್ನು ಯಾರೂ ಅಲ್ಲಗಳೆಯದಂತಿರಲಿ ಎಂದು ಧರ್ಮಸಭೆ ಬಯಸಿತು.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ಮದುವೆಗಳು ಗುಟ್ಟಿನವಲ್ಲ. ಪ್ರಕಟಣೆಯಾಯಿತು, ಬಲಿಪೂಜೆಯಾಯಿತು, ಊರೆಲ್ಲ ಉಂಡಿತು. ಆದರೆ ಆ ದಿನದಿಂದಾಚೆಗೆ ನಮ್ಮ ಪ್ರೀತಿಯನ್ನು ನಾವು ಗುಟ್ಟು ಮಾಡಿಬಿಟ್ಟೆವು. ದಾರಿಯಲ್ಲಿ ಗಂಡ ಹತ್ತು ಹೆಜ್ಜೆ ಮುಂದೆ, ಹೆಂಡತಿ ಹಿಂದೆ. ದೇವಾಲಯದಲ್ಲೂ ಅವರು ಆ ಬದಿ, ಇವರು ಈ ಬದಿ. ನಾಲ್ಕು ಜನರ ಮುಂದೆ ಹೆಂಡತಿಯನ್ನು ಹೊಗಳಿದರೆ ಹೆಂಡತಿಗೆ ಅಂಜುವವನು ಎಂಬ ಹೆಸರು. ಪರರಿಂದ ಮುಚ್ಚಿಟ್ಟದ್ದು ಇರಲಿ, ಕೊನೆಗೆ ಒಬ್ಬರಿಂದೊಬ್ಬರೂ ಮುಚ್ಚಿಟ್ಟೆವು. ಕಂದಲಗಾಂವದ ಆ ತಾಯಿಯ ನಾಟಕದ ಆಸೆ ಇಪ್ಪತ್ತೈದು ವರ್ಷ ಮನೆಯೊಳಗೇ ಗುಟ್ಟಾಗಿತ್ತು. ಅವರ ಯಜಮಾನರು ಕೆಟ್ಟವರಲ್ಲ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಇದನ್ನು ಬಿಡಿಸಲು ಸಮಯ ಬೇಕು, ಸ್ವಲ್ಪ ಏಕಾಂತ ಬೇಕು. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬದ ಪ್ರೀತಿಯ ಕುರಿತು ಬರೆದ ‘ಅಮೋರಿಸ್ ಲೆತೀಸಿಯಾ’ ಪ್ರಬೋಧನೆಯಲ್ಲಿ ಇದನ್ನು ಬಹಳ ಮನೆಮಾತಿನಲ್ಲಿ ಹೇಳಿದ್ದಾರೆ. ಬೆಳಿಗ್ಗೆ ಒಂದು ಮುತ್ತು, ರಾತ್ರಿ ಒಂದು ಆಶೀರ್ವಾದ, ಹೊರಗಿಂದ ಬರುವವರಿಗಾಗಿ ಬಾಗಿಲಲ್ಲಿ ಕಾಯುವುದು, ಜೊತೆಯಾಗಿ ಪ್ರವಾಸ ಹೋಗುವುದು, ಮನೆಗೆಲಸ ಹಂಚಿಕೊಳ್ಳುವುದು, ಇವು ದಾಂಪತ್ಯವನ್ನು ಕಾಯುತ್ತವೆ ಎನ್ನುತ್ತಾರೆ. ಪ್ರವಾಸ ಎಂಬ ಮಾತನ್ನು ಗಮನಿಸಿ. ಹಳೆಯ ಒಡಂಬಡಿಕೆಯಲ್ಲಿ ಪರಮಗೀತೆಯೂ ಇದೆ, ಅದರಲ್ಲಿ ಪ್ರಿಯಪ್ರಿಯೆಯರು ಹಳ್ಳಿಗಾಡಿಗೆ, ದ್ರಾಕ್ಷಿತೋಟಕ್ಕೆ ಹೊರಡುತ್ತಾರೆ. ಯೇಸುಸ್ವಾಮಿ ತಮ್ಮ ಮೊದಲ ಸೂಚಕಕಾರ್ಯ ಮಾಡಿದ್ದು ಕಾನಾ ಊರಿನ ಮದುವೆ ಮನೆಯಲ್ಲಿ. ದ್ರಾಕ್ಷಾರಸ ಮುಗಿದದ್ದನ್ನು ಮೊದಲು ಗಮನಿಸಿದವರು ಮಾತೆ ಮರಿಯ. ನಮ್ಮ ಮನೆಗಳಲ್ಲೂ ರಸ ಮುಗಿದದ್ದನ್ನು ಯಾರಾದರೂ ಗಮನಿಸಬೇಕು, ಬಾಯಿಬಿಟ್ಟು ಹೇಳಬೇಕು.

1962ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಫಾದರ್ ಗಾಬ್ರಿಯೆಲ್ ಕಾಲ್ವೊ ಅವರು ದಂಪತಿಗಳಿಗಾಗಿ ಒಂದು ವಾರಾಂತ್ಯದ ಶಿಬಿರ ಏರ್ಪಡಿಸಿದರು. ಅದೇ ಇಂದು ನಾವು ಬಲ್ಲ ಮ್ಯಾರೇಜ್ ಎನ್‌ಕೌಂಟರ್. ಅದರ ಗುಟ್ಟು ಬಹಳ ಸುಲಭ. ಹತ್ತು ನಿಮಿಷ ಒಬ್ಬರಿಗೊಬ್ಬರು ಪತ್ರ ಬರೆಯಿರಿ, ಹತ್ತು ನಿಮಿಷ ಅದರ ಬಗ್ಗೆ ಮಾತನಾಡಿ. ಬಾಯಲ್ಲಿ ಬಾರದ ಎಷ್ಟೋ ಮಾತು ಕಾಗದದ ಮೇಲೆ ಬರುತ್ತದೆ.

ಕಂದಲಗಾಂವದವರು ಹೋದರೇ? ಹೋದರು. ಎರಡು ತಿಂಗಳು ಆಗೀಗ ಎಂದರು. ಕೊನೆಗೆ ಎಮ್ಮೆ ನೋಡಿಕೊಳ್ಳಲು ನೆರೆಯ ಮನೆಯವರು ಒಪ್ಪಿದರು. ಶುಕ್ರವಾರ ರಾತ್ರಿ ಸೋಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಬೆಳಗಾಗುವಾಗ ಮುಂಬೈ. ಹಗಲೆಲ್ಲ ಗಿರ್ಗಾಂವ ಚೌಪಾಟಿಯ ಕಡೆ ತಿರುಗಾಡಿದರು. ಸಂಜೆ ಒಪೆರಾ ಹೌಸ್‌ನಲ್ಲಿ ಹಳೆಯ ನಾಟ್ಯಸಂಗೀತದ ಕಾರ್ಯಕ್ರಮ. ಮಗ ಪುಣೆಯಿಂದಲೇ ಟಿಕೆಟ್ ತೆಗೆಸಿದ್ದ, ಅಗ್ಗದ ಸೀಟು, ಮೇಲಿನ ಬಾಲ್ಕನಿ. ಒಳಗೆ ಕಾಲಿಡಲು ಇಬ್ಬರಿಗೂ ಸಂಕೋಚ. ಬಂಗಾರದ ಬಣ್ಣದ ಕೆತ್ತನೆ, ತೂಗುವ ಗಾಜಿನ ದೀಪಗಳು. ‘ಚಪ್ಪಲಿ ಬಿಡಬೇಕೇನೋ’ ಎಂದು ಯಜಮಾನರು ಮೆಲ್ಲನೆ ಕೇಳಿದರಂತೆ.

ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಯಜಮಾನರಿಗೆ ನಿದ್ದೆ. ರಾತ್ರಿ ಗಾಡಿಯಲ್ಲಿ ಕಣ್ಣು ಮುಚ್ಚಿರಲಿಲ್ಲ. ತಲೆ ಹೆಂಡತಿಯ ಹೆಗಲ ಮೇಲೆ ಒರಗಿತು. ಆ ತಾಯಿ ನಮಗೆ ಇದನ್ನು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು: “ಎಬ್ಬಿಸಬೇಕಂದೆ. ಬ್ಯಾಡ ಅನಿಸ್ತು. ಇಷ್ಟು ಮಂದ್ಯಾಗ ಹಿಂಗ ಕುಂತದ್ದು ಇದs ಮೊದಲ. ಹಾಡು ಒಂದ್ ಕಡೆ, ಇವರು ಒಂದ್ ಕಡೆ.” ಬಾಲಗಂಧರ್ವರ ಕಾಲದ ಒಂದು ಹಾಡು ಬಂದಾಗ ಅವರಿಗೆ ಅಪ್ಪ ನೆನಪಾದರು, ಅತ್ತರು. ಯಜಮಾನರಿಗೆ ಎಚ್ಚರವಾಯಿತು. ಯಾಕೆ ಎಂದು ಕೇಳಿದರು. ಆ ರಾತ್ರಿ ಲಾಡ್ಜಿನಲ್ಲಿ ಅವರು ಅಪ್ಪನ ಕಥೆ ಹೇಳಿದರು, ಇವರು ಕೇಳಿದರು. ಆಮೇಲೆ ಇವರು ಯಾರಿಗೂ ಹೇಳದ ಒಂದು ಮಾತು ಹೇಳಿದರು. ಬರಗಾಲದ ವರ್ಷ ಸಾಲಗಾರರಿಗೆ ಹೆದರಿ ಎಷ್ಟೋ ರಾತ್ರಿ ಹೊಲದಲ್ಲಿ ಒಬ್ಬರೇ ಕುಳಿತಿರುತ್ತಿದ್ದರಂತೆ. ಮನೆಯಲ್ಲಿ ಮಾತ್ರ ‘ನೀರು ಹಾಯಿಸಲು ಹೋಗಿದ್ದೆ’ ಎನ್ನುತ್ತಿದ್ದರು. ಹೆಂಡತಿಗೆ ಅದು ಆಗಲೇ ಗೊತ್ತಿತ್ತು. ಬಾವಿ ಒಣಗಿದ ವರ್ಷ ನೀರು ಎಲ್ಲಿಂದ ಹಾಯಿಸುತ್ತಾರೆ? ಗೊತ್ತಿದ್ದೂ ಕೇಳಿರಲಿಲ್ಲ, ಅವರಿಗೆ ನೋವಾದೀತೆಂದು. ಇಬ್ಬರೂ ಒಬ್ಬರನ್ನೊಬ್ಬರು ಕಾಯಲೆಂದೇ ಸುಮ್ಮನಿದ್ದರು. ಅಂಥ ಮೌನದಲ್ಲೂ ಪ್ರೀತಿ ಇರುತ್ತದೆ, ಆದರೆ ಅದನ್ನು ಒಮ್ಮೆಯಾದರೂ ಒಡೆದು ತೋರಿಸಬೇಕು.

ಭಾನುವಾರ ಬೆಳಿಗ್ಗೆ ಗಿರ್ಗಾಂವದ ಸಂತ ತೆರೇಸಾ ದೇವಾಲಯದಲ್ಲಿ ಬಲಿಪೂಜೆಗೆ ಹೋದರು. ಗುರುತಿಸುವವರು ಯಾರೂ ಇರಲಿಲ್ಲ, ಒಂದೇ ಬೆಂಚಿನಲ್ಲಿ ಕುಳಿತರು. ರಾತ್ರಿ ಅದೇ ಗಾಡಿ ಹತ್ತಿ, ಸೋಮವಾರ ಬೆಳಿಗ್ಗೆ ಎಮ್ಮೆ ಹಿಂಡುವ ಹೊತ್ತಿಗೆ ಊರು. ಈಗ ಸಂಸಾರ ಪೂರ್ತಿ ಬದಲಾಗಿದೆಯೇ ಎಂದರೆ, ಇಲ್ಲ. ಮೋಟಾರಿನ ಮಾತು ಇಂದಿಗೂ ನಡೆಯುತ್ತದೆ. ಅದರ ಜೊತೆ ಇನ್ನೆರಡು ಮಾತು ಸೇರಿವೆ, ಅಷ್ಟೆ. ಸೋಲಾಪುರದ ಬಲಿಪೂಜೆಯಲ್ಲೂ ಈಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮಂದಿ ಏನಂದರು? ಏನೂ ಅನ್ನಲಿಲ್ಲ. ಹೋದ ತಿಂಗಳು ಇನ್ನೊಂದು ಜೋಡಿಯೂ ಹಾಗೇ ಕುಳಿತಿತ್ತು.

ಎಲ್ಲರಿಗೂ ಮುಂಬೈ ಆಗದು, ಬಲ್ಲೆವು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು, ಹಾಲುಣ್ಣುವ ಕೂಸು, ಕೈಯಲ್ಲಿ ಕಾಸಿಲ್ಲದ ತಿಂಗಳು. ದೂರವೇ ಹೋಗಬೇಕೆಂದಿಲ್ಲ. 1931ರ ಜನವರಿಯಲ್ಲಿ ಗಲ್ಲಿಗೇರಿದ ಸೋಲಾಪುರದ ನಾಲ್ವರು ಹುತಾತ್ಮರ ನೆನಪಿನ ಹುತಾತ್ಮಾ ಸ್ಮೃತಿ ಮಂದಿರದಲ್ಲಿ ನಾಟಕಗಳು ನಡೆಯುತ್ತವೆ. ಒಂದು ಸಂಜೆ ಸಾಕು. ಮಳೆಗಾಲದಲ್ಲಿ ನಳದುರ್ಗದ ಕೋಟೆಗೆ ಹೋಗಿ ಬನ್ನಿ. ಅಲ್ಲಿ ಬೋರಿ ನದಿಯ ಅಣೆಕಟ್ಟಿನಿಂದ ಎರಡು ಧಾರೆ ಜೊತೆಜೊತೆಯಾಗಿ ಧುಮುಕುತ್ತವೆ, ಜನ ಅವುಗಳಿಗೆ ನರ ಮಾದಿ ಎಂದು ಹೆಸರಿಟ್ಟಿದ್ದಾರೆ, ಗಂಡುಹೆಣ್ಣು ಎಂದೇ ಅರ್ಥ. ಅದೂ ಆಗದಿದ್ದರೆ ಮನೆಯ ಮಾಳಿಗೆ ಇದೆ, ಬೆಳದಿಂಗಳಿದೆ.

ಧರ್ಮಕೇಂದ್ರದ ಕುಟುಂಬಗಳಿಗೆ ಒಂದು ಬೇಡಿಕೆ. ಮದುವೆಗೆ ಸಾಕ್ಷಿ ನಿಂತವರ ಕೆಲಸ ಸಹಿ ಹಾಕಿದಲ್ಲಿಗೆ ಮುಗಿಯುವುದಿಲ್ಲ. ನೆರೆಯ ಜೋಡಿಯೊಂದು ಎರಡು ದಿನ ಹೊರಗೆ ಹೋಗುವುದಾದರೆ, ಅವರ ಮಕ್ಕಳಿಗೆ ನಿಮ್ಮ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ಬಡಿಯಿರಿ. ಅವರ ಅಜ್ಜಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಿ. ಮುಂದಿನ ಸಲ ನಿಮ್ಮ ಸರದಿ. ಕೊಂಕು ಮಾತು ಆಡುವವರಿದ್ದರೆ, ‘ಹೋಗಿ ಬರಲಿ ಬಿಡ್ರಿ’ ಎಂದು ಒಂದು ಮಾತು ಹೇಳಿ. ಅದೂ ಸಾಕ್ಷಿಯೇ.

ಈ ತಿಂಗಳ ಮನೆಗೆಲಸ ಇಷ್ಟು. ಒಂದು ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ, ಮೊಬೈಲ್ ಬದಿಗಿಡಿ. ಇಬ್ಬರೂ ಒಂದೊಂದು ಕಾಗದ ಹಿಡಿದು ಹತ್ತು ನಿಮಿಷ ಬರೆಯಿರಿ: ‘ನಾನು ನಿನಗೆ ಈವರೆಗೆ ಹೇಳದ ಒಂದು ಆಸೆ.’ ಕಾಗದ ಅದಲು ಬದಲು ಮಾಡಿ ಓದಿ. ಓದಿದ ಮೇಲೆ ನಗಬೇಡಿ, ಲೆಕ್ಕ ಹಾಕಬೇಡಿ, ಆಗುವುದಿಲ್ಲ ಎಂದು ಕೂಡಲೇ ಹೇಳಬೇಡಿ. ತೋಬಿಯ ಮತ್ತು ಸಾರಾ ತಮ್ಮ ಮದುವೆಯ ರಾತ್ರಿ ಮಾಡಿದಂತೆ ಇಬ್ಬರೂ ಕೂಡಿ ಒಂದು ಪ್ರಾರ್ಥನೆ ಹೇಳಿ, ಮಲಗಿ. ಬೆಳಿಗ್ಗೆ ಎದ್ದು ಆ ಆಸೆಗೆ ಒಂದು ತಾರೀಖು ಗೊತ್ತುಮಾಡಿ.

ಕಾನಾ ಊರಿನ ಮದುವೆಗೆ ಬಂದ ಪ್ರಭು ನಿಮ್ಮ ಮನೆಗೂ ಬರಲಿ, ಉಳಿದಿರುವ ನೀರನ್ನು ರಸವಾಗಿಸಲಿ.